ಏಳು ಗೆರೆ, ಎರಡು ಸ್ನಾನ: ವಂಶವಾಹಿ, ತಾರತಮ್ಯ ಮತ್ತು ‘ಗ್ಯಾಟಕಾ’

ಒಂದು ಜೀವಿಯ ವಂಶವಾಹಿಯನ್ನು ತೆಗೆದು ಇನ್ನೊಂದು ಜೀವಿಯಲ್ಲಿ ಸೇರಿಸಿ ಪಡೆದ ಬೆಳೆಗೆ ಕನ್ನಡದಲ್ಲಿ ‘ಕುಲಾಂತರಿ’ ಎಂಬ ಹೆಸರು ನಿಂತಿದೆ. ವಂಶವಾಹಿ ಎಂದರೆ ಜೀವಕೋಶದೊಳಗಿನ ಡಿಎನ್ಎ ಎಂಬ ನೀಳ ಎಳೆಯಲ್ಲಿ ಒಂದು ಗುಣಕ್ಕೆ ಬೇಕಾದ ಸೂಚನೆಯನ್ನು ಹೊತ್ತ ತುಣುಕು. ಮಣ್ಣಿನ ಬ್ಯಾಕ್ಟೀರಿಯವೊಂದರಿಂದ ತಂದ ಇಂಥ ತುಣುಕೇ ಬಿಟಿ ಹತ್ತಿಯ ಗಿಡದೊಳಗೆ ಕಾಯಿಕೊರಕ ಹುಳುವಿಗೆ ಮಾರಕವಾದ ಪ್ರೋಟೀನನ್ನು ಉತ್ಪಾದಿಸುತ್ತದೆ. 2002ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರ ಅದರ ಬೇಸಾಯಕ್ಕೆ ಅನುಮತಿ ಕೊಟ್ಟ ಮೇಲಿನ ವರ್ಷಗಳಲ್ಲಿ ಜೇವರ್ಗಿ, ಅಫಜಲಪುರದ ಎರೆ ಹೊಲಗಳಿಗೂ ಆ ಬೀಜ ಬಂದಿತು. ಆದುದರಿಂದ ಭೀಮಾ ನದಿಯ ಈ ಸೀಮೆಗೆ ಕುಲಾಂತರಿ ಎಂಬ ಮಾತು ಬೆಳ್ಳಿತೆರೆಯಿಂದಲ್ಲ, ಬೀಜದ ಪೊಟ್ಟಣದ ಜೊತೆಗೆ ಬಂದಿದೆ. ಆದರೆ ಆ ಪದದೊಳಗಿನ ‘ಕುಲ’ ಇಲ್ಲಿಗೆ ಹೊಸದಲ್ಲ. ಯಾರ ಮನೆ ಯಾವ ಓಣಿಯಲ್ಲಿರಬೇಕು, ಯಾರು ಯಾವ ಬಾವಿಯ ನೀರು ಸೇದಬೇಕು, ಯಾರಿಗೆ ಹೆಣ್ಣು ಕೊಡಬೇಕು ಎಂಬುದನ್ನು ಮಗು ಹುಟ್ಟಿದ ಗಳಿಗೆಯಲ್ಲೇ ತೀರ್ಮಾನಿಸಿದ ವ್ಯವಸ್ಥೆಯ ಹೆಸರೂ ಅದೇ. ಈ ಎರಡು ಅರ್ಥಗಳನ್ನು ಒಂದೇ ಬಾಗಿಲಲ್ಲಿ ತಂದು ನಿಲ್ಲಿಸಿದ ಸಿನಿಮಾ 1997ರ ‘ಗ್ಯಾಟಕಾ’. ಆಳಂದ, ಅಫಜಲಪುರ, ಜೇವರ್ಗಿಯ ನೆಲದ ಮೇಲೆ ನಿಂತು ನೋಡಿದಾಗ ಆ ಚಿತ್ರ ಏನನ್ನು ಕಾಣಿಸುತ್ತದೆ, ಏನನ್ನು ಕಾಣದೆ ಹೋಗುತ್ತದೆ ಎಂಬುದೇ ಈ ಉಪನ್ಯಾಸದ ವಿಷಯ.

ಚಿತ್ರದ ಹೆಸರನ್ನು ಡಿಎನ್ಎಯ ನಾಲ್ಕು ಮೂಲ ರಾಸಾಯನಿಕಗಳಾದ ಗ್ವಾನಿನ್, ಅಡೆನಿನ್, ಥೈಮಿನ್ ಮತ್ತು ಸೈಟೊಸಿನ್‌ಗಳ ಮೊದಲಕ್ಷರಗಳಿಂದಲೇ ಹೆಣೆಯಲಾಗಿದೆ. ಮನುಷ್ಯನ ವಂಶವಾಹಿಗಳನ್ನೆಲ್ಲ ಓದಿ ಮುಗಿಸಲು 1990ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಯೋಜನೆ ಆಗ ನಡುದಾರಿಯಲ್ಲಿತ್ತು. ಡಾಲಿ ಎಂಬ ತದ್ರೂಪಿ ಕುರಿಯ ಸುದ್ದಿ 1997ರ ಫೆಬ್ರವರಿಯಲ್ಲಿ ಜಗತ್ತಿಗೆ ತಿಳಿದಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ತೆರೆಗೆ ಬಂದ ಈ ಚಿತ್ರವನ್ನು ಬರೆದು ನಿರ್ದೇಶಿಸಿದ ಆಂಡ್ರ್ಯೂ ನಿಕಲ್ ಕಟ್ಟಿದ ಭವಿಷ್ಯದಲ್ಲಿ, ಅನುಕೂಲಸ್ಥ ತಂದೆತಾಯಿಗಳು ಪ್ರಯೋಗಾಲಯದಲ್ಲಿ ಬೆಳೆದ ಹಲವು ಭ್ರೂಣಗಳಲ್ಲಿ ರೋಗದ ಸುಳಿವಿಲ್ಲದ ಒಂದನ್ನು ಆರಿಸಿಕೊಳ್ಳುತ್ತಾರೆ. ಹಾಗೆ ಹುಟ್ಟಿದವರು ‘ಮಾನ್ಯ’ರು, ಹಿಂದಿನವರಂತೆ ಸಹಜವಾಗಿ ಹುಟ್ಟಿದವರು ‘ಅಮಾನ್ಯ’ರು. ಕಥಾನಾಯಕ ವಿನ್ಸೆಂಟ್ ಅಮಾನ್ಯನಾಗಿ ಹುಟ್ಟುತ್ತಾನೆ, ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತದ ಬಲದಿಂದ ಅವನ ಮುಂದಿನ ಬಾಳಿನ ಲೆಕ್ಕವನ್ನೆಲ್ಲ ಓದಿ ಹೇಳಲಾಗುತ್ತದೆ: ಹೃದಯದ ಕಾಯಿಲೆಯ ಸಂಭವ ನೂರಕ್ಕೆ 99, ಆಯುಸ್ಸಿನ ಅಂದಾಜು 30.2 ವರ್ಷ. ಮಗುವಿಗೆ ಹೆಸರಿಡುವ ಮೊದಲೇ ಮರಣದ ವಯಸ್ಸು ಗೊತ್ತಾದ ಆ ಹೆರಿಗೆ ಕೋಣೆಯ ದೃಶ್ಯ ಇಡೀ ಚಿತ್ರದ ಬೀಜ.

ಮುಂದೆ ನಡೆಯುವುದೆಲ್ಲ ಆ ಹನಿ ರಕ್ತದಿಂದ ಮೊಳೆತದ್ದು. ಬಿದ್ದು ಗಾಯ ಮಾಡಿಕೊಂಡರೆ ವಿಮೆ ಹಣ ಕೊಡುವುದಿಲ್ಲ ಎಂಬ ಕಾರಣಕ್ಕೆ ಶಿಶುವಿಹಾರದ ಬಾಗಿಲು ವಿನ್ಸೆಂಟನ ಮುಖದ ಮೇಲೆಯೇ ಮುಚ್ಚಿಕೊಳ್ಳುತ್ತದೆ. ಬಾಹ್ಯಾಕಾಶಕ್ಕೆ ಹೋಗಬೇಕೆಂಬ ಆಸೆಯಿಂದ ಓದಿದ ಅವನಿಗೆ ಗ್ಯಾಟಕಾ ಎಂಬ ಬಾಹ್ಯಾಕಾಶ ಸಂಸ್ಥೆಯಲ್ಲಿ ಸಿಕ್ಕುವುದು ಕಸ ಗುಡಿಸುವ, ಗಾಜು ಒರೆಸುವ ಕೆಲಸ. ಕೊನೆಗೆ ಅಪಘಾತದಲ್ಲಿ ಕಾಲುಗಳ ಬಲ ಕಳೆದುಕೊಂಡ ಜೆರೋಮ್ ಎಂಬ ಮಾನ್ಯನ ಗುರುತನ್ನು ಎರವಲು ಪಡೆದು, ಅವನ ರಕ್ತವನ್ನು ಬೆರಳ ತುದಿಯ ಕೃತಕ ಚರ್ಮದ ಕೆಳಗೆ ಅಡಗಿಸಿಕೊಂಡು, ಅವನ ಮೂತ್ರವನ್ನು ಚೀಲದಲ್ಲಿ ಕಟ್ಟಿಕೊಂಡು ವಿನ್ಸೆಂಟ್ ಅದೇ ಸಂಸ್ಥೆಯ ಬಾಗಿಲನ್ನು ಅಧಿಕಾರಿಯಾಗಿ ದಾಟುತ್ತಾನೆ. ಕೆಲಸದ ಸಂದರ್ಶನದಲ್ಲಿ ಅವನಿಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಮೂತ್ರದ ಪರೀಕ್ಷೆಯೇ ಸಂದರ್ಶನ. ಮೈಯಿಂದ ಉದುರುವ ಒಂದು ಕೂದಲು, ಒಂದು ಪದರ ಚರ್ಮ ಕೂಡ ತನ್ನ ಹುಟ್ಟನ್ನು ಬಯಲು ಮಾಡೀತೆಂಬ ಭಯದಿಂದ ಅವನು ದಿನವೂ ಬೆಳಗ್ಗೆ ಮೈಯನ್ನು ಉಜ್ಜಿ ಉಜ್ಜಿ ತೊಳೆದು, ಉದುರಿದ್ದನ್ನೆಲ್ಲ ಬೆಂಕಿಗೆ ಹಾಕುತ್ತಾನೆ. ಅಪರಾಧವನ್ನು ಅಳಿಸಿಹಾಕಲು ಮನುಷ್ಯ ಮೈ ತೊಳೆದುಕೊಳ್ಳುವುದನ್ನು ಸಿನಿಮಾ ಬಹಳ ಸಲ ತೋರಿಸಿದೆ. ಹುಟ್ಟನ್ನು ಅಳಿಸಿಹಾಕಲು ತೊಳೆದುಕೊಳ್ಳುವುದನ್ನು ಈ ಚಿತ್ರದಷ್ಟು ನೋವಿನಿಂದ ತೋರಿಸಿದ್ದು ಅಪರೂಪ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ‘ಗ್ಯಾಟಕಾ’ವನ್ನು ವಂಶವಾಹಿ ಎಂಜಿನಿಯರಿಂಗ್ ಬಗೆಗಿನ ಎಚ್ಚರಿಕೆಯೆಂದು ಸಾಮಾನ್ಯವಾಗಿ ವರ್ಣಿಸಲಾಗುತ್ತದೆ, ಆದರೆ ವಿನ್ಸೆಂಟನ ಮೈಯಲ್ಲಿ ಯಾರೂ ಒಂದು ವಂಶವಾಹಿಯನ್ನೂ ತಿದ್ದಿಲ್ಲ. ಅವನ ಬದುಕನ್ನು ಕಟ್ಟಿಹಾಕುವುದು ತಿದ್ದುಪಡಿಯಲ್ಲ, ಓದು: ಬಾಗಿಲಲ್ಲಿ ಬೆರಳು ಚುಚ್ಚಿ ಓದುವ ಯಂತ್ರ, ಪರೀಕ್ಷೆಯ ಫಲಿತಾಂಶ ಬರೆದ ಕಾಗದ, ಆ ಕಾಗದವನ್ನು ನಂಬುವ ಮನುಷ್ಯರು. ಹುಟ್ಟನ್ನು ಓದಿ ಬಾಗಿಲು ತೆರೆಯುವ, ಮುಚ್ಚುವ ಈ ಕಲೆಯನ್ನು ಕಲಿಯಲು ಭಾರತದ ಸಮಾಜಕ್ಕೆ ಪ್ರಯೋಗಾಲಯ ಬೇಕಾಗಿರಲಿಲ್ಲ. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರು 1975ರಲ್ಲಿ ತೆರೆಗೆ ತಂದ ‘ಚೋಮನ ದುಡಿ’ಯ ಚೋಮನಿಗೆ ಎತ್ತುಗಳಿವೆ, ತೋಳಿನ ಬಲವಿದೆ, ಸಾಗುವಳಿಯ ಆಸೆಯಿದೆ, ಇಲ್ಲದಿರುವುದು ತನ್ನದೆಂದು ಒಂದು ತುಂಡು ಭೂಮಿಯನ್ನು ಉಳುವ ಹಕ್ಕು, ಅದು ಹುಟ್ಟಿನಿಂದಲೇ ಇಲ್ಲ. ವಿನ್ಸೆಂಟ್ ಶನಿಗ್ರಹದ ಉಪಗ್ರಹವಾದ ಟೈಟಾನ್‌ಗೆ ಹೋಗಬಯಸುತ್ತಾನೆ, ಚೋಮ ಒಂದು ಗದ್ದೆಯ ಬದುವಿನೊಳಗೆ ಹೋಗಬಯಸುತ್ತಾನೆ. ಇಬ್ಬರ ಆಸೆಗಳ ನಡುವಿನ ದೂರ ಕೋಟಿಗಟ್ಟಲೆ ಮೈಲಿ. ಆದರೆ ಇಬ್ಬರನ್ನೂ ತಡೆಯುವ ಬಾಗಿಲು ಒಂದೇ.

ಈ ಬಾಗಿಲಿನ ಅತ್ಯಂತ ಸೂಕ್ಷ್ಮವಾದ ಕಥೆ ಇದೇ ಸೀಮೆಯಲ್ಲಿ ಬರೆಯಲ್ಪಟ್ಟಿದೆ. ಆಳಂದ ತಾಲ್ಲೂಕಿನ ಕಡಗಂಚಿ ಇಂದು ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ನೆಲೆಯೆಂದು ಹೆಸರಾಗಿರಬಹುದು. ಆದರೆ ಶತಮಾನಗಳಿಂದ ಆ ಊರಿನ ಹೆಸರನ್ನು ಮಹಾರಾಷ್ಟ್ರದ ಮನೆಮನೆಗಳಿಗೆ ಒಯ್ದದ್ದು ‘ಗುರುಚರಿತ್ರೆ’ ಎಂಬ ಗ್ರಂಥ. ಅದನ್ನು ಮರಾಠಿಯ ಓವಿ ಛಂದಸ್ಸಿನಲ್ಲಿ ರಚಿಸಿದ ಸರಸ್ವತಿ ಗಂಗಾಧರರು ಕಡಗಂಚಿಯ ಸಾಯಂದೇವರ ವಂಶದವರು, ಮರಾಠಿ ತಮಗೆ ಮನೆಮಾತಲ್ಲವೆಂದು ಗ್ರಂಥದಲ್ಲೇ ವಿನಯದಿಂದ ಹೇಳಿಕೊಂಡವರು. ಅವರು ವರ್ಣಿಸುವ ಗುರು ನೃಸಿಂಹ ಸರಸ್ವತಿಗಳು ನೆಲೆಸಿದ್ದು ಅಮರ್ಜಾ ನದಿ ಭೀಮೆಯನ್ನು ಕೂಡುವ ಗಾಣಗಾಪುರದಲ್ಲಿ, ಅಂದರೆ ಅಫಜಲಪುರ ತಾಲ್ಲೂಕಿನಲ್ಲಿ. ಭಕ್ತರು ಗುರುವಿನ ಮಹಿಮೆಯ ಕಥೆಯಾಗಿ ಪಾರಾಯಣ ಮಾಡುವ ಆ ಗ್ರಂಥದ ಒಂದು ಪ್ರಸಂಗವನ್ನು, ಭಕ್ತಿಗೆ ಭಂಗ ಬಾರದಂತೆ, ವಂಶ ಮತ್ತು ವಿದ್ಯೆಯ ಕಥೆಯಾಗಿಯೂ ಓದಲು ಸಾಧ್ಯವಿದೆ.

ಬೀದರಿನ ಆಸ್ಥಾನದಿಂದ ಇಬ್ಬರು ವಿದ್ವಾಂಸರು ಬರುತ್ತಾರೆ. ವೇದದಲ್ಲಿ ತಮ್ಮೊಡನೆ ವಾದಿಸಿರಿ, ಇಲ್ಲವೇ ಸೋತೆವೆಂದು ಜಯಪತ್ರ ಬರೆದುಕೊಡಿರಿ ಎಂದು ಊರೂರು ತಿರುಗಿ ಪತ್ರಗಳನ್ನು ಸಂಗ್ರಹಿಸುವುದು ಅವರ ಕಾಯಕ. ಗುರು ಅವರೊಡನೆ ವಾದಕ್ಕೆ ಕೂರುವುದಿಲ್ಲ. ದೂರದಲ್ಲಿ ಹೋಗುತ್ತಿದ್ದ, ಹತ್ತಿರ ಬರಲು ಅರ್ಹನಲ್ಲವೆಂದು ಸಮಾಜ ಎಣಿಸಿದ್ದ ಒಬ್ಬನನ್ನು ಕರೆಸಿ, ನೆಲದ ಮೇಲೆ ದಂಡದಿಂದ ಏಳು ಗೆರೆ ಎಳೆಸಿ, ಒಂದೊಂದಾಗಿ ದಾಟು ಎನ್ನುತ್ತಾರೆ. ಒಂದೊಂದು ಗೆರೆ ದಾಟಿದಂತೆ ಆ ಮನುಷ್ಯನಿಗೆ ಒಂದೊಂದು ಹಿಂದಿನ ಜನ್ಮ ನೆನಪಾಗುತ್ತದೆ. ಬೇಡನಾಗಿದ್ದವನು, ಶೂದ್ರನಾಗಿದ್ದವನು, ವೈಶ್ಯನಾಗಿದ್ದವನು, ಕ್ಷತ್ರಿಯನಾಗಿದ್ದವನು ಏಳನೆಯ ಗೆರೆಯ ಆಚೆ ವೇದ ಕಲಿಸುವ ಬ್ರಾಹ್ಮಣನಾಗಿ ನಿಲ್ಲುತ್ತಾನೆ. ಗುರು ಭಸ್ಮ ಹಚ್ಚಿದ ಆ ಮೈಯ ಬಾಯಿಂದ ವೇದ ಹೊರಟಾಗ ಜಯಪತ್ರ ಬೇಡಲು ಬಂದವರ ಸೊಕ್ಕು ಅಡಗುತ್ತದೆ.

ಕಥೆ ಅಲ್ಲಿಗೇ ನಿಂತಿದ್ದರೆ ಅದು ಕುಲವನ್ನು ಮುರಿದ ಕಥೆಯಾಗಿ ಉಳಿಯುತ್ತಿತ್ತು. ಆದರೆ ಅದು ನಿಲ್ಲುವುದಿಲ್ಲ. ಆ ಮನುಷ್ಯ ಈಗ ಮನೆಗೆ ಮರಳಲಾರ. ಹುಡುಕಿಕೊಂಡು ಬಂದ ಹೆಂಡತಿ ಮಕ್ಕಳಿಗೆ ಮುಟ್ಟಬೇಡಿರೆಂದು ಹೇಳುತ್ತಾನೆ, ಅಂದರೆ ವೇದದ ಜೊತೆಗೆ ಅಸ್ಪೃಶ್ಯತೆಯೂ ಅವನಿಗೆ ನೆನಪಾಗಿರುತ್ತದೆ. ಹೆಂಡತಿ ಗೋಳಿಡುತ್ತಾಳೆ. ಆಗ ಗುರುವಿನ ಅಪ್ಪಣೆಯಂತೆ ಲೋಭಿಯೊಬ್ಬನಿಂದ ಅವನ ಮೈಮೇಲೆ ನೀರು ಸುರಿಸಲಾಗುತ್ತದೆ. ಭಸ್ಮ ತೊಳೆದುಹೋದೊಡನೆ ವೇದವೂ ತೊಳೆದುಹೋಗಿ, ಅವನು ಹಿಂದಿನವನೇ ಆಗಿ ಹೆಂಡತಿ ಮಕ್ಕಳೊಂದಿಗೆ ಹೊರಟುಹೋಗುತ್ತಾನೆ. ಇದೇ ಸಂದರ್ಭದಲ್ಲಿ ಯಾವ ಪಾಪಕ್ಕೆ ಯಾವ ಜನ್ಮವೆಂಬ ದೀರ್ಘ ಪಟ್ಟಿಯನ್ನೂ ಗ್ರಂಥ ಕೊಡುತ್ತದೆ. ಹೀಗೆ ಈ ಪ್ರಸಂಗ ಒಂದೇ ಉಸಿರಿನಲ್ಲಿ ಎರಡು ಮಾತು ಹೇಳುತ್ತದೆ: ಯಾವ ಮೈಯೊಳಗೂ ಯಾವ ವಿದ್ಯೆಯೂ ಇರಬಲ್ಲದು; ಆದರೂ ಲೋಕದ ಕ್ರಮ ಉಳಿಯಬೇಕಾದರೆ ಸ್ನಾನವೊಂದು ಬೇಕು. ಗಾಣಗಾಪುರದ ಸ್ನಾನ ಮನುಷ್ಯನನ್ನು ಅವನ ಹುಟ್ಟಿಗೆ ಮರಳಿಸುತ್ತದೆ. ‘ಗ್ಯಾಟಕಾ’ದ ಸ್ನಾನ ಹುಟ್ಟಿನಿಂದ ಬಿಡಿಸುತ್ತದೆ. ದಿಕ್ಕು ಬೇರೆಯಾದರೂ ಎರಡು ಸ್ನಾನಗಳೂ ಒಪ್ಪಿಕೊಂಡಿರುವ ಸಂಗತಿ ಒಂದೇ: ಗುರುತು ಇರುವುದು ಮನುಷ್ಯನ ಮೈಯ ಆಳದಲ್ಲಲ್ಲ, ಮೇಲ್ಮೈಯಲ್ಲಿ, ತೊಳೆದರೆ ಹೋಗುವಷ್ಟು ತೆಳುವಾದ ಪದರದಲ್ಲಿ. ಇಷ್ಟು ತೆಳುವಾದದ್ದನ್ನು ಕಾಯಲು ಇಷ್ಟೊಂದು ಕಾವಲು ಏಕೆ ಬೇಕಾಯಿತು ಎಂಬ ಪ್ರಶ್ನೆಯನ್ನು ಎರಡು ಕೃತಿಗಳೂ ಓದುಗರ ಮುಂದೆ ಇಡುತ್ತವೆ.

ಕಾವಲು ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ, ಕಳ್ಳತನವು ಕೆಲವು ಸಮುದಾಯಗಳಲ್ಲಿ ರಕ್ತದಿಂದ ಬರುತ್ತದೆಂಬ ನಂಬಿಕೆಯ ಮೇಲೆ ನಿಂತಿತ್ತು. ಆ ಸಮುದಾಯದಲ್ಲಿ ಹುಟ್ಟಿದವರು ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು. 1911ರ ಕಾಯ್ದೆ ನೋಂದಾಯಿತರ ಬೆರಳಚ್ಚು ತೆಗೆದುಕೊಳ್ಳುವ ಅಧಿಕಾರವನ್ನೂ ಕೊಟ್ಟಿತು. ಆಳಂದ, ಅಫಜಲಪುರದ ಗಡಿಯಾಚೆಯ ಸೊಲ್ಲಾಪುರದಲ್ಲಿ, ಹಾಗೆಯೇ ಹುಬ್ಬಳ್ಳಿ ಮತ್ತು ಗದಗ–ಬೆಟಗೇರಿಯಲ್ಲಿ ಇಂಥವರನ್ನು ಕೂಡಿಹಾಕಿದ ವಸಾಹತುಗಳಿದ್ದವು; ‘ಸೆಟ್ಲಮೆಂಟ್’ ಎಂಬ ಹೆಸರು ಇಂದಿಗೂ ಆ ಊರುಗಳ ಬಡಾವಣೆಗಳಲ್ಲಿ ಉಳಿದಿದೆ. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು, ಅಂದಿನಿಂದ ಆ ಸಮುದಾಯಗಳನ್ನು ವಿಮುಕ್ತ ಬುಡಕಟ್ಟುಗಳೆಂದು ಕರೆಯಲಾಯಿತು. ಅಪರಾಧ ಮಾಡುವ ಮೊದಲೇ ಅಪರಾಧಿ, ಕಾಯಿಲೆ ಬರುವ ಮೊದಲೇ ರೋಗಿ: ಬೆರಳ ತುದಿಯನ್ನು ಓದಿ ಮನುಷ್ಯನ ಮುಂದಿನದನ್ನು ತೀರ್ಮಾನಿಸುವ ‘ಗ್ಯಾಟಕಾ’ದ ಯಂತ್ರಕ್ಕೆ ಪೂರ್ವಜ ಬೇಕಾದರೆ ಅವನು ಸೊಲ್ಲಾಪುರದ ಬೇಲಿಯ ಬಳಿ ಸಿಕ್ಕುತ್ತಾನೆ.

ಚಿತ್ರದ ದೊಡ್ಡ ಕುರುಡುತನವೂ ಇಲ್ಲಿಂದಲೇ ಕಾಣುತ್ತದೆ. ತನ್ನ ಕಾಲದಲ್ಲಿ ತಾರತಮ್ಯವು ಬಣ್ಣದಿಂದಲೂ ಅಂತಸ್ತಿನಿಂದಲೂ ಬಿಡಿಸಿಕೊಂಡು ವಿಜ್ಞಾನವಾಗಿ ಬಿಟ್ಟಿದೆಯೆಂದು ವಿನ್ಸೆಂಟ್ ಹೇಳುತ್ತಾನೆ. ಭ್ರೂಣಗಳನ್ನು ಆರಿಸಿಕೊಡುವ ತಜ್ಞನ ಪಾತ್ರವನ್ನು ಕಪ್ಪು ವರ್ಣದ ನಟನಿಗೆ ಕೊಟ್ಟಿರುವುದೂ ಅದೇ ಉದ್ದೇಶದಿಂದ. ಹಳೆಯ ಮೇಲುಕೀಳು ಅಳಿದು ಅದರ ಜಾಗದಲ್ಲಿ ಹೊಸದೊಂದು ಬರುತ್ತದೆಂಬ ಈ ಕಲ್ಪನೆಯನ್ನು ಭಾರತದ ಅನುಭವ ಒಪ್ಪುವುದಿಲ್ಲ. ಹಳೆಯದು ಅಳಿಯುವುದಿಲ್ಲ, ಅದು ಹೊಸ ಕಾಗದದ ಮೇಲೆ ಮತ್ತೆ ಅಚ್ಚಾಗುತ್ತದೆ. ಇನ್ನೂ ಮುಂದಕ್ಕೆ ಹೋಗಿ ಹೇಳುವುದಾದರೆ, ಇಲ್ಲಿ ಅದು ಆಗಲೇ ವಂಶವಾಹಿಯ ಮೇಲೆಯೇ ಅಚ್ಚಾಗಿದೆ. ಭಾರತದ ಜನಸಮುದಾಯಗಳ ಡಿಎನ್ಎಯನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆ, ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೂ ಇಲ್ಲಿನ ಜನ ವ್ಯಾಪಕವಾಗಿ ಬೆರೆಯುತ್ತಿದ್ದು, ಅನಂತರ ಒಳಬಾಂಧವ್ಯದ ಕಡೆಗೆ, ಎಂದರೆ ಸ್ವಜಾತಿಯೊಳಗೇ ಮದುವೆಯಾಗುವ ಪದ್ಧತಿಯ ಕಡೆಗೆ, ತಿರುಗಿದರೆಂದು ತೋರಿಸಿತು. ಜಾತಿಯನ್ನು ವಂಶವಾಹಿ ಮಾಡಲಿಲ್ಲ. ಜಾತಿಯೇ ವಂಶವಾಹಿಗಳ ಸುತ್ತ ಬೇಲಿ ಹಾಕಿತು.

ಆ ಬೇಲಿಯೊಳಗೆ ಏನಾಗುತ್ತದೆಂಬುದಕ್ಕೆ ಕರ್ನಾಟಕದ ಅತ್ಯಂತ ನೋವಿನ ನಿದರ್ಶನ ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದ ನಡುವಿನಲ್ಲಿ ಆ ಊರಿನ ಹೆಸರಿನಿಂದಲೇ ಹೊರಜಗತ್ತಿಗೆ ತಿಳಿದ ಕಾಯಿಲೆ ಸೊಂಟ ಮತ್ತು ಮೊಣಕಾಲಿನ ಕೀಲುಗಳನ್ನು ಸವೆಸಿ, ದುಡಿದು ಉಣ್ಣುವವರನ್ನು ನೆಲ ಹಿಡಿಸುತ್ತದೆ. ಅದು ಮುಖ್ಯವಾಗಿ ಕಂಡುಬಂದದ್ದು ಚನ್ನಂಗಿ ಮತ್ತು ಚಲವಾದಿ ಎಂಬ ದಲಿತ ಸಮುದಾಯಗಳಲ್ಲಿ. ಗದ್ದೆಗೆ ಸಿಂಪಡಿಸಿದ ಕೀಟನಾಶಕ ಸೇರಿದ ಏಡಿಗಳನ್ನು ತಿಂದದ್ದು ಕಾರಣವಿರಬಹುದೆಂಬ ಶಂಕೆ ಮೊದಲಿಗೆ ಬಲವಾಗಿತ್ತು. ಕುಟುಂಬಗಳ ವಂಶಾವಳಿಯನ್ನು ಹಿಡಿದು ನಡೆದ ಮುಂದಿನ ಅಧ್ಯಯನಗಳು ಅದು ಆನುವಂಶಿಕವೆಂದು, ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕಾಗುವ ಬಗೆಯದೆಂದು ಕಂಡುಕೊಂಡವು. ಆದರೆ ವಂಶವಾಹಿಯ ಈ ಕಥೆಯನ್ನು ಕೀಳು ಹುಟ್ಟಿನ ಕಥೆಯೆಂದು ಓದುವವರು ಇನ್ನೊಂದು ಸಂಗತಿಯನ್ನೂ ಓದಬೇಕು. ಸ್ವಜಾತಿ ವಿವಾಹವನ್ನು ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದ ಆರ್ಯವೈಶ್ಯ ಸಮುದಾಯದಲ್ಲಿ, ಶಸ್ತ್ರಚಿಕಿತ್ಸೆಯ ಅರಿವಳಿಕೆಯ ಜೊತೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧವನ್ನು ಕರಗಿಸುವ ಕಿಣ್ವದ ಕೊರತೆ ಬೇರೆಯವರಿಗಿಂತ ಹೆಚ್ಚಾಗಿ ಕಂಡುಬರುತ್ತದೆ, ಆದುದರಿಂದ ಎಚ್ಚರವುಳ್ಳ ಅರಿವಳಿಕೆ ವೈದ್ಯರು ಅದನ್ನು ಮೊದಲೇ ವಿಚಾರಿಸುತ್ತಾರೆ. ಬೇಲಿ ಹಾಕಿಕೊಂಡ ಪ್ರತಿ ಕುಲವೂ ತನ್ನ ಅಂಗಳದಲ್ಲಿ ತನ್ನದೇ ಒಂದು ನೋವನ್ನು ಬೆಳೆಸಿಕೊಂಡಿದೆ. ಮೇಲು ಎಂಬುದಕ್ಕೆ ವಂಶವಾಹಿಯಲ್ಲಿ ಅಕ್ಷರವಿಲ್ಲ.

ಭಾರತದ ಜನಪ್ರಿಯ ಸಿನಿಮಾ ವಂಶವಾಹಿಯ ವಿಚಾರಕ್ಕೆ ಕೈಹಾಕಿದಾಗ ಈ ನೋವಿನ ಕಡೆ ನೋಡಿದ್ದು ಕಡಿಮೆ, ವಂಶದ ಹೆಮ್ಮೆಯ ಕಡೆ ನೋಡಿದ್ದೇ ಹೆಚ್ಚು. 2011ರ ತಮಿಳು ಚಿತ್ರ ‘ಏಳಾಂ ಅರಿವು’ ಬೋಧಿಧರ್ಮನ ಪರಾಕ್ರಮವೂ ವೈದ್ಯಜ್ಞಾನವೂ ಅವನ ವಂಶದ ಕುಡಿಯೊಬ್ಬನ ಡಿಎನ್ಎಯಲ್ಲಿ ಮಲಗಿವೆ, ಎಬ್ಬಿಸಿದರೆ ಏಳುತ್ತವೆ ಎಂದು ನಂಬಿಸುತ್ತದೆ. 2013ರ ಹಿಂದಿ ಚಿತ್ರ ‘ಕ್ರಿಷ್ 3’ರಲ್ಲಿ ಖಳನಾಯಕ ಮನುಷ್ಯ ಮತ್ತು ಪ್ರಾಣಿಗಳ ವಂಶವಾಹಿ ಬೆರೆಸಿ ಹೊಸ ಜೀವಿಗಳನ್ನು ಸೃಷ್ಟಿಸುತ್ತಾನೆ, ಅವನನ್ನು ಎದುರಿಸುವ ನಾಯಕನ ಶಕ್ತಿಯೂ ತಂದೆಯಿಂದ ಬಂದ ಬಳುವಳಿಯೇ. ಗಾಣಗಾಪುರದ ಕಥೆಯಲ್ಲಿ ಗೆರೆ ದಾಟಿದವನು ಅನಾಮಿಕನಾದ ದಾರಿಹೋಕ. ಈ ಚಿತ್ರಗಳಲ್ಲಿ ಗೆರೆ ದಾಟಲು ದೊಡ್ಡವರ ಮೊಮ್ಮಗನೇ ಆಗಿರಬೇಕು. ಐದಾರು ಶತಮಾನಗಳ ಹಿಂದಿನ ಗ್ರಂಥಕ್ಕಿದ್ದ ಧೈರ್ಯ ಈ ಚಿತ್ರಗಳಿಗೆ ಇಲ್ಲವೆಂಬುದು ದುಃಖದ ಸಂಗತಿ.

ಒಳ್ಳೆಯ ವಂಶವಾಹಿ, ಕೆಟ್ಟ ವಂಶವಾಹಿ ಎಂಬ ವಿಂಗಡಣೆಯನ್ನೇ ಪ್ರಶ್ನಿಸುವ ತಿಳಿವಳಿಕೆ ಬೇಕಾದರೆ ಅದಕ್ಕೆ ಸಿನಿಮಾಕ್ಕಿಂತ ತೊಗರಿಯ ಹೊಲವೇ ಉತ್ತಮ ಶಾಲೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಹೆಸರಿನ ಹಿಂದೆ ಇದೇ ಆಳಂದ, ಅಫಜಲಪುರ, ಜೇವರ್ಗಿಯ ರೈತರು ರೋಗದೊಡನೆ ನಡೆಸಿಕೊಂಡು ಬಂದ ಹೋರಾಟವಿದೆ. ಬೇರಿನಿಂದ ಹತ್ತಿ ನಿಂತ ಗಿಡವನ್ನೇ ಒಣಗಿಸುವ ನೆಟೆ ರೋಗಕ್ಕೆ ಎದುರಾಗಿ 1986ರಲ್ಲಿ ಬಿಡುಗಡೆಯಾದ ‘ಮಾರುತಿ’ ತಳಿ ಈ ಭಾಗಕ್ಕೆ ದೊಡ್ಡ ಆಸರೆಯಾಯಿತು. ಅದರಲ್ಲಿ ಕುಲಾಂತರಿ ತಂತ್ರವೇನೂ ಇರಲಿಲ್ಲ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ರೋಗ ತುಂಬಿದ ಮಣ್ಣಿನಲ್ಲಿಯೂ ಬದುಕುಳಿದ ಗಿಡಗಳನ್ನು ಆರಿಸಿ ಆರಿಸಿ ಪಡೆದ ತಳಿ ಅದು. ಆದರೆ ನೆಟೆಯನ್ನು ತಡೆದ ಅದೇ ಮಾರುತಿ ಗೊಡ್ಡು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹರಡುವ ಆ ನಂಜು ಹತ್ತಿದ ಗಿಡ ಹಸಿರಾಗಿಯೇ ನಿಂತಿರುತ್ತದೆ, ಹೂವು ಕಟ್ಟುವುದಿಲ್ಲ. ಗೊಡ್ಡು ರೋಗವನ್ನು ತಡೆಯುವ ತಳಿಗಳ ಗುಣವನ್ನು ವಿಜ್ಞಾನಿಗಳು ಅಳೆಯುವಾಗ, ಎದುರಿಗೆ ಸೋಲುವ ಗಿಡವೆಂದು ನೆಡುವುದೂ ಮಾರುತಿಯನ್ನೇ. ಒಂದು ಹೊಲದ ಮಾನ್ಯ ಇನ್ನೊಂದು ಹೊಲದ ಅಮಾನ್ಯ. ತಳಿಯ ಬೆಲೆ ತಳಿಯೊಳಗಿಲ್ಲ, ಮಣ್ಣು, ಮಳೆ, ನುಸಿ ಸೇರಿದ ಸಂಬಂಧದಲ್ಲಿದೆ ಎಂಬುದು ಇಲ್ಲಿನ ಒಕ್ಕಲಿಗೆ ಗೊತ್ತಿರುವ ಸತ್ಯ.

ಮನುಷ್ಯರಲ್ಲಿಯೂ ಇದು ಹಾಗೆಯೇ. ರಕ್ತದ ಹಿಮೋಗ್ಲೋಬಿನ್ ಕಟ್ಟುವ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಕುಡಗೋಲು ಕಣ ರೋಗ ಬರುತ್ತದೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡಗೋಲಿನಂತೆ ಬಾಗಿ, ನಾಳಗಳಲ್ಲಿ ಸಿಕ್ಕಿಕೊಂಡು, ತಾಳಲಾರದ ನೋವನ್ನು ತರುತ್ತದೆ. ಆದರೆ ಆ ಬದಲಾದ ಪ್ರತಿ ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಬಂದವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇದ್ದು, ಮಲೇರಿಯದ ತೀವ್ರ ದಾಳಿಯಿಂದ ರಕ್ಷಣೆಯನ್ನೂ ಪಡೆಯುತ್ತಾರೆ. ಮಲೇರಿಯ ತುಂಬಿದ ಕಾಡಿನಲ್ಲಿ ಅದು ದೋಷವಾಗಿರಲಿಲ್ಲ, ಗುರಾಣಿಯಾಗಿತ್ತು. 2018ರ ನವೆಂಬರ್‌ನಲ್ಲಿ ಚೀನಾದ ಹ ಜಿಯಾನ್‌ಕ್ವಿ ಎಂಬ ವಿಜ್ಞಾನಿ ಎಚ್ಐವಿ ತಗಲದಂತೆ ಭ್ರೂಣದಲ್ಲೇ ಒಂದು ವಂಶವಾಹಿಯನ್ನು ಕೆಡಿಸಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದ್ದಾಗಿ ಪ್ರಕಟಿಸಿದಾಗ ಜಗತ್ತು ಬೆಚ್ಚಿತು. ಆ ವಂಶವಾಹಿ ಇಲ್ಲದವರಿಗೆ ವೆಸ್ಟ್ ನೈಲ್ ಎಂಬ ವೈರಸ್ಸಿನ ಕಾಯಿಲೆ ಹೆಚ್ಚು ಅಪಾಯಕಾರಿ ಎಂಬುದು ಆಗಲೇ ತಿಳಿದಿತ್ತು. ನೆಟೆಯನ್ನು ತಡೆಯಹೋಗಿ ಗೊಡ್ಡಿಗೆ ಬಾಗಿಲು ತೆರೆದ ಹಾಗೆಯೇ ಇದೂ. ವ್ಯತ್ಯಾಸವೆಂದರೆ ತೊಗರಿಯಲ್ಲಿ ಮರುವರ್ಷ ತಳಿ ಬದಲಿಸಬಹುದು. ಆ ವಿಜ್ಞಾನಿಗೆ 2019ರ ಡಿಸೆಂಬರ್‌ನಲ್ಲಿ ಮೂರು ವರ್ಷಗಳ ಸೆರೆವಾಸವಾಯಿತು.

ಭಾರತದಲ್ಲಿ ಕುಡಗೋಲು ಕಣದ ಇರುವಿಕೆಯನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬೆಟ್ಟದ ಜನರಲ್ಲಿ, ಕನ್ನಡಕ್ಕೆ ತೀರ ಹತ್ತಿರದ ಮಾತನ್ನಾಡುವ ಬಡಗರು ಬದುಕುವ ನೆಲದಲ್ಲಿ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸಿ 2047ರೊಳಗೆ ರೋಗವನ್ನು ಇಲ್ಲವಾಗಿಸುವ ಗುರಿ ಇಟ್ಟುಕೊಂಡಿದೆ. ಅದರ ವ್ಯಾಪ್ತಿಯ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪರೀಕ್ಷೆಗೆ ಒಳಗಾದವರಿಗೆ ಫಲಿತಾಂಶ ಬರೆದ ಕಾರ್ಡು ಕೊಡಲಾಗುತ್ತದೆ. ಗಂಡು ಹೆಣ್ಣು ಇಬ್ಬರೂ ವಾಹಕರಾಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ರೋಗದ ಸಂಭವ ನಾಲ್ಕರಲ್ಲಿ ಒಂದು ಇರುವುದರಿಂದ, ಮದುವೆಗೆ ಮೊದಲು ಕಾರ್ಡು ನೋಡಿಕೊಳ್ಳಿರೆಂಬ ಸಲಹೆ ವೈದ್ಯಕೀಯವಾಗಿ ಸರಿಯಾದದ್ದೇ, ಕರುಣೆಯಿಂದ ಕೂಡಿದ್ದೇ. ಮಕ್ಕಳ ನೋವನ್ನು ಕಂಡ ಯಾವ ತಾಯಿಯೂ ಆ ಪರೀಕ್ಷೆ ಬೇಡವೆನ್ನಲಾರಳು. ಆದರೆ ಜಾತಕ ನೋಡಿ, ಬೆಡಗು ನೋಡಿ, ಬಣ್ಣ ನೋಡಿ ಹೆಣ್ಣನ್ನು ತಿರಸ್ಕರಿಸುವುದು ರೂಢಿಯಾಗಿರುವ ಸಮಾಜದಲ್ಲಿ ಆ ಕಾರ್ಡು ಮದುವೆಯ ಮಾತುಕತೆಯ ಜಮಖಾನೆಯ ಮೇಲೆ ಬಿದ್ದಾಗ, ‘ವಾಹಕಿ’ ಎಂಬ ಪದವನ್ನು ‘ರೋಗಿ’ ಎಂದು ಓದದಿರುವಂತೆ ನೋಡಿಕೊಳ್ಳುವವರು ಯಾರು? ಇಬ್ಬರ ಕಾರ್ಡನ್ನೂ ಕೂಡಿಸಿ ಓದಿದಾಗ ಮಾತ್ರ ಅರ್ಥವಿರುವ ಕಾಗದವದು. ಒಬ್ಬಳದನ್ನೇ ಓದಿದರೆ ಅದು ಏಳು ಗೆರೆಗಳಾಚೆಯಿಂದ ಅವಳನ್ನು ಹಿಂದಕ್ಕೆ ತಳ್ಳುವ ನೀರಾಗುತ್ತದೆ.

ವಿಮೆಯ ವಿಚಾರದಲ್ಲಿ ಈ ಪ್ರಶ್ನೆ ಭಾರತದ ನ್ಯಾಯಾಲಯದ ಮುಂದೆ ಬಂದಾಗ ಕಾಯಿಲೆ, ವಿನ್ಸೆಂಟನದರಂತೆಯೇ, ಹೃದಯದ್ದಾಗಿತ್ತು. ಆನುವಂಶಿಕ ರೋಗಗಳಿಗೆ ಹಣ ಕೊಡುವುದಿಲ್ಲವೆಂಬ ಷರತ್ತನ್ನು ತೋರಿಸಿ ಚಿಕಿತ್ಸೆಯ ವೆಚ್ಚವನ್ನು ನಿರಾಕರಿಸಿದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2018ರ ಫೆಬ್ರವರಿ 26ರಂದು, ಆನುವಂಶಿಕ ಎಂಬ ಒಂದೇ ವಿಶಾಲ ಪದದ ಕೆಳಗೆ ಎಲ್ಲರನ್ನೂ ಹೊರಗಿಡುವುದು ಸಂವಿಧಾನದ 14ನೆಯ ವಿಧಿ ಕೊಟ್ಟ ಸಮಾನತೆಗೆ ವಿರುದ್ಧವೆಂದು ಹೇಳಿತು. ಅಮೆರಿಕದಲ್ಲಿ ಉದ್ಯೋಗ ಮತ್ತು ಆರೋಗ್ಯ ವಿಮೆಯಲ್ಲಿ ಇಂಥ ತಾರತಮ್ಯವನ್ನು ನಿಷೇಧಿಸುವ ಕಾಯ್ದೆ 2008ರಲ್ಲಿ ಬಂದಿತ್ತು. ‘ಗ್ಯಾಟಕಾ’ದ ಜಗತ್ತಿನಲ್ಲಿಯೂ ಅಂಥ ಕಾಯ್ದೆ ಇದೆ, ಆದರೆ ಬಾಗಿಲ ಹಿಡಿಕೆಯಿಂದ, ಕೈಕುಲುಕಿದ ಅಂಗೈಯಿಂದ, ಅರ್ಜಿಯ ಲಕೋಟೆಗೆ ಹಚ್ಚಿದ ಎಂಜಲಿನಿಂದ ಮನುಷ್ಯನನ್ನು ಓದಲು ಸಾಧ್ಯವಿರುವಾಗ ಅದನ್ನು ಯಾರೂ ಲೆಕ್ಕಿಸುವುದಿಲ್ಲ. ಅಸ್ಪೃಶ್ಯತೆಯನ್ನು 1950ರಲ್ಲೇ ರದ್ದುಮಾಡಿದ 17ನೆಯ ವಿಧಿಯ ಜೊತೆ ಮುಕ್ಕಾಲು ಶತಮಾನ ಬದುಕಿದ ದೇಶಕ್ಕೆ ಆ ದೃಶ್ಯದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಚಿತ್ರದ ವಿರುದ್ಧ ಒಂದು ಗಂಭೀರ ಆಕ್ಷೇಪವಿದೆ. ವಿನ್ಸೆಂಟನ ಹೃದಯ ನಿಜಕ್ಕೂ ದುರ್ಬಲವಾಗಿದ್ದು, ನಡುದಾರಿಯಲ್ಲಿ ಅದು ನಿಂತರೆ ಜೊತೆಗಾರರ ಪ್ರಾಣಕ್ಕೂ ಅಪಾಯವಲ್ಲವೇ ಎಂದು ಕೇಳುವವರು ತಪ್ಪು ಪ್ರಶ್ನೆ ಕೇಳುತ್ತಿಲ್ಲ. ಬಸ್ ಓಡಿಸುವವನ ಕಣ್ಣನ್ನು ಪರೀಕ್ಷಿಸುವುದು ತಾರತಮ್ಯವಲ್ಲ. ಆದರೆ ಆ ಪರೀಕ್ಷೆ ಇಂದಿನ ಕಣ್ಣನ್ನು ನೋಡುತ್ತದೆ. ಅವನು ಹುಟ್ಟಿದ ದಿನ ಬರೆದಿಟ್ಟ ಸಂಭವದ ಲೆಕ್ಕವನ್ನು ನೋಡಿ ಶಾಲೆಯ ಬಾಗಿಲನ್ನೂ ಮುಚ್ಚುವುದಿಲ್ಲ. ನೂರಕ್ಕೆ 99 ಎಂಬುದು ಗುಂಪಿನ ಬಗೆಗಿನ ಮಾತು. ಅದನ್ನು ಒಬ್ಬ ಹುಡುಗನ ಹಣೆಯ ಮೇಲೆ ಬರೆದಾಗ ಅದು ವಿಜ್ಞಾನವಾಗಿ ಉಳಿಯದೆ ಕುಲವಾಗುತ್ತದೆ. ಹೇಳಿದ 30.2 ವರ್ಷವನ್ನು ದಾಟಿ ಬದುಕಿರುವ ವಿನ್ಸೆಂಟ್ ಆ ಲೆಕ್ಕ ಸುಳ್ಳೆಂದು ಸಾಬೀತು ಮಾಡುವುದಿಲ್ಲ, ಆ ಲೆಕ್ಕ ತನ್ನ ಬಗ್ಗೆ ಹೇಳಿದ್ದಲ್ಲವೆಂದು ತೋರಿಸುತ್ತಾನೆ.

ಚಿತ್ರದ ಕೊನೆಯಲ್ಲಿ ಅವನು ನೌಕೆಯನ್ನು ಏರುವ ಮೊದಲು ಅನಿರೀಕ್ಷಿತವಾಗಿ ಇನ್ನೊಂದು ಮೂತ್ರಪರೀಕ್ಷೆ ಎದುರಾಗುತ್ತದೆ. ಜೆರೋಮನ ಚೀಲ ಈ ಸಲ ಅವನ ಬಳಿ ಇಲ್ಲ, ಕೊಡಬೇಕಾದದ್ದು ತನ್ನದೇ. ಮೊದಲಿನಿಂದಲೂ ಅವನನ್ನು ಪರೀಕ್ಷಿಸುತ್ತ ಬಂದ ಲಾಮಾರ್ ಎಂಬ ವೈದ್ಯ, ಯಂತ್ರ ಓದುತ್ತಿರುವಷ್ಟು ಹೊತ್ತು, ತನ್ನ ಮಗನ ಮಾತು ತೆಗೆಯುತ್ತಾನೆ; ಆ ಹುಡುಗನಿಗೆ ವಿನ್ಸೆಂಟನೆಂದರೆ ಅಭಿಮಾನ, ಮತ್ತು ಭ್ರೂಣ ಆರಿಸಿಕೊಟ್ಟವರು ಹೇಳಿದ್ದೆಲ್ಲ ಅವನಲ್ಲಿ ನಿಜವಾಗಲಿಲ್ಲ. ಪರದೆಯ ಮೇಲೆ ವಿನ್ಸೆಂಟನ ನಿಜವಾದ ಮುಖವೂ ‘ಅಮಾನ್ಯ’ ಎಂಬ ಪದವೂ ಮೂಡುತ್ತವೆ. ಬಲಗೈಯವರು ಎಡಗೈಯಲ್ಲಿ ಹಿಡಿದು ಮೂತ್ರ ಮಾಡುವುದಿಲ್ಲವೆಂಬುದನ್ನು ವೈದ್ಯ ಬಹಳ ಹಿಂದೆಯೇ ಗಮನಿಸಿದ್ದ, ಇಷ್ಟು ವರ್ಷ ಸುಮ್ಮನಿದ್ದ. ಅವನು ಗುಂಡಿಯೊತ್ತಿ ಆ ಪದವನ್ನು ‘ಮಾನ್ಯ’ ಎಂದು ಬದಲಿಸುತ್ತಾನೆ, ಹೊತ್ತಾಯಿತು, ನೌಕೆ ತಪ್ಪೀತು ಎನ್ನುತ್ತಾನೆ, ಮೊದಲ ಬಾರಿಗೆ ಅವನನ್ನು ಅವನದೇ ಹೆಸರಿನಿಂದ ಕರೆಯುತ್ತಾನೆ.